ನೀಲಿ ಬಾವುಟ ಕಂಡಾಗ
ಐರೇಸಿಂಗ್‌ನಂಥ ಆನ್‌ಲೈನ್ ರೇಸಿನಲ್ಲಿ ಒಂದು ಸುತ್ತು ಹಿಂದೆ ಬಿದ್ದವರು ನೀಲಿ ಬಾವುಟ ಕಂಡೊಡನೆ ಗಾಬರಿಯಿಂದ ಬ್ರೇಕ್ ಒತ್ತಿ ಪಕ್ಕಕ್ಕೆ ಸರಿಯುತ್ತಾರೆ. ಮನಸ್ಸು ಒಳ್ಳೆಯದೇ, ಆದರೆ ಡಿಕ್ಕಿಯಾಗುವುದು ಅಲ್ಲೇ. ಫಾರ್ಮುಲಾ ಒನ್‌ನಲ್ಲಿ ಆ ಬಾವುಟ ದಾರಿ ಬಿಡಬೇಕೆಂಬ ಆಜ್ಞೆ. ಐರೇಸಿಂಗ್‌ನಲ್ಲಿ ಹಿಂದೆ ವೇಗದವರು ಬರುತ್ತಿದ್ದಾರೆಂಬ ಬರೀ ಸೂಚನೆ, ಸುರಕ್ಷಿತವಾಗಿ ದಾಟುವ ಹೊಣೆ ಹಿಂದಿನಿಂದ ಬರುವವರದು. ಬೆಲ್ಜಿಯಂನ ಸ್ಪಾ ಟ್ರ್ಯಾಕನ್ನೇ ನೋಡಿ: ಓ ರೂಜ್ ತಿರುವಿನ ಏರಿನಲ್ಲಿ ಇಬ್ಬರು ಅಕ್ಕಪಕ್ಕ ಹೋಗುವುದು ಅಪಾಯ. ಅಲ್ಲಿ ನಿಮ್ಮ ಗೆರೆ ಬಿಡಲೇಬೇಡಿ. ಏರು ಹತ್ತಿ ಕೆಮೆಲ್ ನೇರದಾರಿಗೆ ಬಂದಮೇಲೆ ಒಂದೇ ಬದಿ ಹಿಡಿದು ಆಕ್ಸಿಲರೇಟರನ್ನು ತುಸು ಸಡಿಲಿಸಿದರೆ ಸಾಕು, ಹಿಂದಿನವರೇ ದಾಟಿಕೊಳ್ಳುತ್ತಾರೆ. ನಿಧಾನದವರೂ ದುಡ್ಡು ಕೊಟ್ಟೇ ಆಡಲು ಬಂದವರು. ಅವರ ಬೆನ್ನಿಗೆ ಬಿದ್ದು ಲೈಟು ಮಿನುಗಿಸುತ್ತ, ಮೈಕಿನಲ್ಲಿ ಬೈಯುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.