ಕಿಂಡಿ ಬಿಟ್ಟು ಕೋಟೆ ಮಾರುವವರು

ಚಿತ್ರದುರ್ಗದ ಗಾಂಧಿ ವೃತ್ತದ ಆಸುಪಾಸಿನಲ್ಲಿ ಸಂಜೆ ಹೊತ್ತು ಟೀ ಕುಡಿಯಲು ನಿಲ್ಲುವ ಕಾಲೇಜು ಹುಡುಗರ ಮಾತಿಗೆ ಕಿವಿಗೊಟ್ಟರೆ ಒಂದು ದೂರು ಆಗಾಗ ಕೇಳಿಬರುತ್ತದೆ. "ಮೂರು ಸಾವಿರ ಕೊಟ್ಟು ತಗೊಂಡೆ ಕಣೋ, ಒಂದು ಗಂಟೆ ಆಡೋದ್ರೊಳಗೆ ಮೂರು ಸಲ ನಿಂತೋಯ್ತು." ಇನ್ನೊಬ್ಬ ಸಮಾಧಾನ ಹೇಳುತ್ತಾನೆ: "ತಡಿಯಲೇ, ಮುಂದಿನ ತಿಂಗಳು ಪ್ಯಾಚ್ ಬಿಡ್ತಾರಂತೆ." ಪಕ್ಕದಲ್ಲಿ ನಿಂತ ಹಿರಿಯರಿಗೆ ನಗು. "ಓದೋದು ಬಿಟ್ಟು ಗೇಮ್ ಆಡಿದ್ರೆ ಹಿಂಗೇ ಆಗೋದು."

ನಗುವ ಮಾತಲ್ಲ ಸ್ವಾಮಿ. ದುಡ್ಡು ಎಣಿಸಿಕೊಂಡವನು ಮಾಲು ಸರಿಯಾಗಿ ಕೊಡಬೇಕು ಎನ್ನುವುದು ಸಂತೆಯ ಮೊದಲ ನಿಯಮ. ಆ ನಿಯಮ ಟೊಮೆಟೊಗೆ ಉಂಟು, ಎಮ್ಮೆಗೆ ಉಂಟು, ಬಿತ್ತನೆ ಶೇಂಗಾಕ್ಕೆ ಉಂಟು. ವಿಡಿಯೋ ಗೇಮಿಗೆ ಮಾತ್ರ ಇಲ್ಲವೆಂದರೆ ಹೇಗೆ?

ಗೊತ್ತಿಲ್ಲದವರಿಗೆ ಎರಡು ಮಾತು. ಗೇಮಿನ ಒಳಗಿನ ಲೆಕ್ಕಾಚಾರದಲ್ಲಿ ಉಳಿದುಹೋದ ತಪ್ಪಿಗೆ ಬಗ್ ಎನ್ನುತ್ತಾರೆ. ಓಡುವ ಕಾರು ರಸ್ತೆಯೊಳಗೆ ಹೂತುಹೋಗುವುದು, ಮನುಷ್ಯ ಗೋಡೆ ತೂರಿ ಆಚೆ ಹೋಗುವುದು, ನಾಲ್ಕು ಗಂಟೆ ಆಡಿ ಉಳಿಸಿಟ್ಟ ಆಟ ಮಂಗಮಾಯವಾಗುವುದು, ಎಲ್ಲವೂ ಇದರ ಪ್ರತಾಪವೇ. ಮಾರಿದ ಮೇಲೆ ಕಂಪನಿಯವರು ಇಂಟರ್‌ನೆಟ್ಟಿನಲ್ಲಿ ಕಳಿಸುವ ತೇಪೆಗೆ ಪ್ಯಾಚ್ ಎಂದು ಹೆಸರು. ಹೊಸ ಅಂಗಿ ಕೊಂಡ ದಿನವೇ ತೇಪೆ ಹಚ್ಚಿಸಿಕೊಳ್ಳುವ ಭಾಗ್ಯ ಈ ಕಾಲದ ಹುಡುಗರದು.

ಹನ್ನೊಂದು ದಿನದ ಕೂಲಿ

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಪೋಲೆಂಡ್ ದೇಶದ ಸಿಡಿ ಪ್ರೊಜೆಕ್ಟ್ ಕಂಪನಿಯ ಸೈಬರ್‌ಪಂಕ್ 2077. ಬರುತ್ತದೆ ಬರುತ್ತದೆ ಎಂದು 2012ರಲ್ಲೇ ಡಂಗುರ ಸಾರಿದ್ದ ಗೇಮು ಇದು. 2020ರಲ್ಲಿ ಮೂರು ಸಲ ದಿನ ಮುಂದೂಡಿ, ಕೊನೆಗೆ ಡಿಸೆಂಬರ್ 10ರಂದು ಬಿಡುಗಡೆಯಾಯಿತು. ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ಗಳ ಮೇಲೆ ಅದು ಹೇಗೆ ಕುಂಟುತ್ತದೆ ಎಂಬುದನ್ನು ಯಾರಿಗೂ ತೋರಿಸಲಿಲ್ಲ. ಮದುವೆ ದಿನದವರೆಗೆ ಹೆಣ್ಣಿನ ಮುಖ ತೋರಿಸದಂಥ ಜಾಣತನ!

ಮುಖ ಕಂಡ ಮೇಲೆ ರಂಪವಾಯಿತು. ಒಂದೇ ವಾರದಲ್ಲಿ ಸೋನಿ ಕಂಪನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ಕಿತ್ತುಹಾಕಿ, ಕೊಂಡವರಿಗೆ ಹಣ ವಾಪಸು ಕೊಡುವುದಾಗಿ ಹೇಳಿತು. ಗೇಮು ಮತ್ತೆ ಆ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ. ಅಷ್ಟರಲ್ಲಿ, ಬಿಡುಗಡೆಯಾದ ಹತ್ತೇ ದಿನಕ್ಕೆ, ಒಂದು ಕೋಟಿ ಮೂವತ್ತು ಲಕ್ಷ ಪ್ರತಿ ಮಾರಾಟವಾಗಿದೆ ಎಂದು ಕಂಪನಿಯೇ ಲೆಕ್ಕ ಕೊಟ್ಟಿತ್ತು. ಕಂಪನಿಯ ಒಡೆಯರು 2021ರ ಜನವರಿಯಲ್ಲಿ ಕ್ಯಾಮೆರಾ ಮುಂದೆ ಕೂತು ಕ್ಷಮೆ ಕೇಳಿದರು. ಅಮೆರಿಕದ ಷೇರುದಾರರು ಕೋರ್ಟಿಗೆ ಹೋಗಿ 18.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡರು. ಷೇರು ಇದ್ದವನಿಗೆ ಪರಿಹಾರ, ಆಡಿದವನಿಗೆ ತೇಪೆ. ಗೇಮು ನೆಟ್ಟಗಾಯಿತೆಂದು ಜನ ಒಪ್ಪಿದ್ದು 2023ರ ಹೊತ್ತಿಗೆ.

ಈಗ ಲೆಕ್ಕ ನೋಡಿ. ಕಂಪ್ಯೂಟರಿಗೆ ಆ ಗೇಮಿನ ಬೆಲೆ ಇಲ್ಲಿ 2,999 ರೂಪಾಯಿ ಇತ್ತು. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ. ಅಂದರೆ ಹಿರಿಯೂರಿನ ಕಡೆ ಬಿಸಿಲಲ್ಲಿ ಬದು ಹಾಕುವವನ ಹನ್ನೊಂದು ದಿನದ ದುಡಿಮೆ. ಮಗ ಕಾಡಿ ಬೇಡಿ, ಹಬ್ಬಕ್ಕೆ ಬಟ್ಟೆ ಬೇಡ ಎಂದು ಹಟ ಹಿಡಿದು ಕೊಂಡ ಗೇಮು ಆಡಲು ಬಾರದಿದ್ದರೆ ಆ ಹನ್ನೊಂದು ದಿನ ಯಾರ ಲೆಕ್ಕಕ್ಕೆ?

"ಅದ್ಕೇನು, ಪ್ಯಾಚ್ ಪುಕ್ಕಟೆ ಕೊಡ್ತಾರಲ್ಲ" ಎನ್ನುವವರಿದ್ದಾರೆ. ಪುಕ್ಕಟೆಯೇನೋ ಹೌದು. ಆದರೆ ಸೈಬರ್‌ಪಂಕಿಗೆ 2021ರ ಮಾರ್ಚ್‌ನಲ್ಲಿ ಬಂದ ಒಂದು ಪ್ಯಾಚು ಮೂವತ್ತು ಜಿ.ಬಿ.ಗೂ ಮೀರಿದ್ದು. ದಿನಕ್ಕೆ ಒಂದೂವರೆ ಜಿ.ಬಿ. ಡೇಟಾ ಹಾಕಿಸಿಕೊಂಡ ಹೊಸದುರ್ಗದ ಹಳ್ಳಿ ಹುಡುಗ ಬೇರೇನೂ ನೋಡದೆ ಉಪವಾಸ ಕೂತರೂ ಅದು ಇಳಿಯಲು ಇಪ್ಪತ್ತು ದಿನಕ್ಕೆ ಕಡಿಮೆಯಿಲ್ಲ. ಬೆಂಗಳೂರಿನ ಫೈಬರ್ ಮನೆಯಲ್ಲಿ ಕೂತವನಿಗೆ ಪ್ಯಾಚ್ ಒಂದು ಕಾಫಿಯ ಹೊತ್ತು. ಹಳ್ಳಿಯವನಿಗೆ ಅದು ಎರಡನೇ ಸಲ ತೆರುವ ಬೆಲೆ.

ಆಟದೊಳಗೂ ಮಳೆ ಕಾಟ

ಇನ್ನೊಂದು ಪ್ರಸಂಗ ಕೇಳಿದರೆ ಈ ಜಿಲ್ಲೆಯವರಿಗೆ ನಗು ಬಾರದೆ ಇರದು. ಇಪ್ಪತ್ತು ವರ್ಷದ ಹಿಂದೆ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಸೈಬರ್ ಕೆಫೆಗಳಲ್ಲಿ ಕೂತವರೆಲ್ಲ ಬಲ್ಲ ಗೇಮು ವೈಸ್ ಸಿಟಿ. 2002ರಲ್ಲಿ ಬಂದ ಅದನ್ನೂ ಅದರ ಜೊತೆಯ ಎರಡನ್ನೂ ಹೊಸದಾಗಿ ಬಣ್ಣ ಬಳಿದು ರಾಕ್‌ಸ್ಟಾರ್ ಕಂಪನಿ 2021ರ ನವೆಂಬರ್‌ನಲ್ಲಿ ಮತ್ತೆ ಮಾರಿತು. ಅದರಲ್ಲಿ ಮಳೆ ಬಂದರೆ ಮುಂದಿನ ರಸ್ತೆಯೇ ಕಾಣದು, ಪರದೆ ತುಂಬ ಬಿಳಿ ಗೆರೆ! ಮೋಡ ಕಂಡರೆ ಕೈಮುಗಿಯುವ ಬರದ ಸೀಮೆಯ ಹುಡುಗರು ಆಟದೊಳಗಿನ ಮಳೆಗೆ ಶಾಪ ಹಾಕುವಂತಾಯಿತು. ಕಂಪನಿ ಅದೇ ತಿಂಗಳು ಕ್ಷಮೆ ಕೇಳಿತು. ಇಪ್ಪತ್ತು ವರ್ಷದ ಹಿಂದೆ ಸರಿಯಿದ್ದ ಮಾಲನ್ನು ಕೆಡಿಸಿ ಹೆಚ್ಚಿನ ಬೆಲೆಗೆ ಮಾರುವ ಈ ವಿದ್ಯೆಗೆ ಏನು ಹೆಸರಿಡಬೇಕೋ!

ಮೊದಲು ಹೀಗಿರಲಿಲ್ಲವೇ? ತಪ್ಪು ಆಗಲೂ ಇತ್ತು. 1982ರ ಕ್ರಿಸ್‌ಮಸ್ಸಿಗೆ ಸಿಗಲೇಬೇಕೆಂದು ಅಟಾರಿ ಕಂಪನಿ ಇ.ಟಿ. ಎಂಬ ಗೇಮನ್ನು ಐದೇ ವಾರದಲ್ಲಿ ಒಬ್ಬನ ಕೈಲಿ ಬರೆಸಿತು. ಆಡುವವನು ಗುಂಡಿಗೆ ಬೀಳುವುದು, ಮೇಲೆ ಬರುವುದು, ಮತ್ತೆ ಬೀಳುವುದು, ಇಷ್ಟೇ ಆಟ. ಮಾರಾಟವಾಗದ ಪೆಟ್ಟಿಗೆಗಳನ್ನು 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಮರುಭೂಮಿಯ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದು ತೆಗೆದಾಗ ನಿಜವಾಗಿಯೂ ಸಿಕ್ಕಿದವು. ಗುಂಡಿಯ ಆಟ ಗುಂಡಿಗೇ ಸೇರಿತು. ಆದರೆ ಒಂದು ಮಾತು: ಆ ಕಾಲದಲ್ಲಿ ಕೆಟ್ಟದ್ದು ಮಾರಿದವನು ಕೆಟ್ಟ. ಪೆಟ್ಟಿಗೆಯೊಳಗೆ ಒಮ್ಮೆ ಕೂಡಿಸಿದ ಆಟವನ್ನು ಆಮೇಲೆ ತಿದ್ದಲು ಬರುತ್ತಿರಲಿಲ್ಲ. ಆ ಭಯವೇ ಕಾವಲುಗಾರನಾಗಿತ್ತು. ಇಂಟರ್‌ನೆಟ್ ಬಂತು, ಭಯ ಹೋಯಿತು. "ಮೊದಲು ಮಾರೋಣ, ಆಮೇಲೆ ನೋಡೋಣ" ಎನ್ನುವುದು ಕಸುಬಿನ ಧರ್ಮವೇ ಆಗಿಹೋಯಿತು.

ಒಬವ್ವ ಯಾರು?

ದುರ್ಗದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಇತ್ತು. ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ಅದರಲ್ಲಿ ನುಸುಳಿ ಬರುವಾಗ, ಕಾವಲುಗಾರನ ಹೆಂಡತಿ ಒಬವ್ವ ಒನಕೆ ಹಿಡಿದು ನಿಂತ ಕಥೆ ಇಲ್ಲಿನ ಕೂಸಿಗೂ ಗೊತ್ತು. ಗಂಡ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ನೀರಿಗೆ ಹೋದವಳು ಕಂಡುಕೊಂಡ ಕಿಂಡಿ ಅದು. ಕಿಂಡಿ ಉಳಿದದ್ದು ಕೋಟೆ ಕಟ್ಟಿದವರಿಂದ, ಕಾದವಳು ಒಬವ್ವ.

ಇಂದಿನ ಗೇಮ್ ಕಂಪನಿಗಳು ಮಾಡುತ್ತಿರುವುದೂ ಇದನ್ನೇ. ಸಾವಿರ ಕಿಂಡಿ ಬಿಟ್ಟು ಕೋಟೆ ಮಾರುತ್ತಾರೆ. ಕಿಂಡಿ ಹುಡುಕುವ ಕೆಲಸ ಕೊಂಡವನಿಗೆ. ಎಲ್ಲಿ ನಿಂತಿತು, ಹೇಗೆ ನಿಂತಿತು ಎಂದು ಹುಡುಗರೇ ಬರೆದು ಕಳಿಸಬೇಕು. ಸಂಬಳ ಕೊಟ್ಟು ಮಾಡಿಸಬೇಕಾದ ಪರೀಕ್ಷೆಯನ್ನು ಸಂಬಳವಿಲ್ಲದೆ, ಮೇಲಾಗಿ ಅವರಿಂದಲೇ ದುಡ್ಡು ಕಿತ್ತು, ಮಾಡಿಸಿಕೊಳ್ಳುತ್ತಾರೆ. ಒಬವ್ವನಿಗಾದರೂ ಊರೇ ಹೆಸರು ಕೊಟ್ಟಿತು, ಈ ಹುಡುಗರಿಗೆ ಏನುಂಟು?

ಹಾಗೆಂದು ಕೋಡು ಬರೆಯುವವರ ಮೇಲೆ ಹರಿಹಾಯುವುದು ತಪ್ಪು. ಸೈಬರ್‌ಪಂಕಿನ ದಿನ ಹತ್ತಿರ ಬಂದಾಗ, 2020ರ ಸೆಪ್ಟೆಂಬರ್‌ನಲ್ಲಿ, ಅದರ ಕೆಲಸಗಾರರಿಗೆ ವಾರಕ್ಕೆ ಆರು ದಿನ ದುಡಿಯಿರಿ ಎಂದು ಕಟ್ಟಪ್ಪಣೆಯಾಗಿತ್ತು. ಬೆಂಗಳೂರಿನಲ್ಲೂ 1997ರಲ್ಲಿ ಶುರುವಾದ ಧ್ರುವ ಇಂಟರ್‌ಆಕ್ಟಿವ್ ಕಾಲದಿಂದ ಗೇಮಿನ ಕೆಲಸ ನಡೆದಿದೆ. ಆ ಕಂಪನಿಯನ್ನು 2019ರಲ್ಲಿ ಕೊಂಡದ್ದು ಇದೇ ರಾಕ್‌ಸ್ಟಾರ್‌ನವರು. ಈ ಜಿಲ್ಲೆಯ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೂ ಅಂಥ ಕೆಲಸದ ಕನಸುಂಟು. ತಪ್ಪು ಇದೆ ಎಂದು ಕೆಳಗಿನವನು ಹೇಳಿದರೂ, ದಿನಾಂಕ ಗೊತ್ತುಮಾಡುವವನು ಮೇಲಿನವನು. ಹಬ್ಬದ ವ್ಯಾಪಾರ ತಪ್ಪಬಾರದು, ಷೇರು ಬೀಳಬಾರದು, ಅಷ್ಟೇ ಅವನ ಜಪ.

ಆಟ ಬಿಟ್ಟು ಆಚೆಗೂ

ಗೇಮ್ ಆಡದವರು "ನಮಗೇನು" ಎಂದು ಕೂರುವಂತಿಲ್ಲ. ಈ ಚಾಳಿ ಆಟದ ಅಂಗಳ ದಾಟಿ ಕಚೇರಿ ಹೊಕ್ಕಿ ಬಹಳ ದಿನವಾಯಿತು. 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ಪೋರ್ಟಲ್ ಶುರುವಾಯಿತು. ಕಟ್ಟಿದ್ದು ಬೆಂಗಳೂರಿನ ಇನ್ಫೋಸಿಸ್. ಸುಮಾರು 4,242 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ 2019ರಲ್ಲಿ ಒಪ್ಪಿಗೆ ಕೊಟ್ಟಿದ್ದ ಯೋಜನೆ. ಮೊದಲ ದಿನದಿಂದಲೇ ತೊಡಕು. ಎರಡೂವರೆ ತಿಂಗಳಾದರೂ ಸರಿಹೋಗದೆ, ಆಗಸ್ಟ್ 23ರಂದು ಹಣಕಾಸು ಸಚಿವರು ಕಂಪನಿಯ ಮುಖ್ಯಸ್ಥರನ್ನು ಕರೆಸಿ ಸೆಪ್ಟೆಂಬರ್ 15ರ ಗಡುವು ಕೊಟ್ಟರು. ರಿಟರ್ನ್ ಸಲ್ಲಿಸಲು ಆಡಿಟರ ಬಾಗಿಲು ಕಾಯ್ದ ಹೊಳಲ್ಕೆರೆಯ ಅಡಿಕೆ ವ್ಯಾಪಾರಿಗೆ ಆ ದಿನಗಳು ನೆನಪಿದ್ದಾವು.

2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲೂ ಅದೇ ಗೋಳು. ಮೊಬೈಲ್ ಹಿಡಿದು ಮನೆ ಮನೆ ಅಲೆದ ಮೇಷ್ಟ್ರುಗಳಿಗೆ ಮೊದಲ ದಿನಗಳಲ್ಲಿ ಆ್ಯಪೇ ಸರಿಯಾಗಿ ತೆರೆಯದು, ಸರ್ವರ್ ಸಿಗದು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಕೆಲಸದ ಅವಧಿ ವಿಸ್ತರಿಸಬೇಕಾಯಿತು. ಗೇಮಿನಲ್ಲಿ ಬಗ್ ಇದ್ದರೆ ಹುಡುಗನ ಸಂಜೆ ಹಾಳು. ರೇಷನ್ ಅಂಗಡಿಯಲ್ಲಿ "ಸರ್ವರ್ ಡೌನ್" ಎಂದರೆ ಮುದುಕಿಯ ಒಂದು ದಿನದ ಕೂಲಿ ಹಾಳು. ಎರಡಕ್ಕೂ ಬೇರು ಒಂದೇ: ಪರೀಕ್ಷೆ ಮಾಡದೆ ರಿಬ್ಬನ್ ಕತ್ತರಿಸುವ ಆತುರ.

ಮಾರಿಕಣಿವೆಗೆ ಪ್ಯಾಚ್ ಇಲ್ಲ

"ಇಷ್ಟು ದೊಡ್ಡ ಗೇಮಿನಲ್ಲಿ ತಪ್ಪೇ ಇರಬಾರದು ಎಂದರೆ ಆಗುತ್ತದೆಯೇ?" ಎಂದು ಕಂಪನಿಗಳು ಕೇಳುತ್ತವೆ. ಆಗದು, ಒಪ್ಪಬೇಕಾದ ಮಾತೇ. ಲಕ್ಷಾಂತರ ಸಾಲಿನ ಕೋಡಿನಲ್ಲಿ, ನೂರು ಬಗೆಯ ಕಂಪ್ಯೂಟರಿನ ಮೇಲೆ ಓಡುವಾಗ, ಅಲ್ಲೊಂದು ಇಲ್ಲೊಂದು ಕಲ್ಲು ಸಿಕ್ಕೇ ಸಿಗುತ್ತದೆ. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೆ ತೆಗೆದಿಟ್ಟು ಉಣ್ಣಬಹುದು. ಕಲ್ಲಿನಲ್ಲಿ ಅನ್ನ ಹುಡುಕು ಎಂದರೆ?

ಹಿರಿಯೂರಿನವರು ತಮ್ಮ ಮಾರಿಕಣಿವೆಯನ್ನೇ ನೋಡಲಿ. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ತುಂಬುವುದೇ ಅಪರೂಪ, ಕಟ್ಟೆ ಹೇಗಿದ್ದರೇನು ಎಂದು ಕಟ್ಟಿದವರು ಕೈ ತೊಳೆದುಕೊಳ್ಳಲಿಲ್ಲ. ಯಾವತ್ತೋ ಒಂದು ದಿನ ಬರುವ ನೀರಿಗಾಗಿ ಅವತ್ತೇ ಗಟ್ಟಿಯಾಗಿ ಕಟ್ಟಿದರು. ಮುಂದೆ ಪ್ಯಾಚ್ ಕಳಿಸೋಣ ಎಂದಿದ್ದರೆ ಹಿರಿಯೂರು ಉಳಿಯುತ್ತಿತ್ತೇ?

ಇಷ್ಟಾದರೂ ಕೊಳ್ಳುವವರ ತಪ್ಪೂ ಉಂಟು. ಗೇಮು ಬರುವ ಮೊದಲೇ ಪೂರ್ತಿ ದುಡ್ಡು ಕಟ್ಟಿ ಕಾಯುವುದು ಈಗಿನ ಷೋಕಿ. ಹೊಳಲ್ಕೆರೆ ಕಡೆ ಅಡಿಕೆ ತೋಟ ಚೇಣಿಗೆ ಹಿಡಿಯುವವನು ಕೂಡ ತೋಟದಲ್ಲಿ ಓಡಾಡಿ, ತಲೆ ಎತ್ತಿ ಗೊನೆ ಎಣಿಸಿ, ಆಮೇಲೆ ಮುಂಗಡ ಕೊಡುತ್ತಾನೆ. ಗೊನೆಯೇ ನೋಡದೆ ಚೇಣಿ ಹಿಡಿಯುವವನನ್ನು ತೋಟದವನು ಬಿಡುತ್ತಾನೆಯೇ? ಬಿಡುಗಡೆಯಾಗಿ ಒಂದೆರಡು ವಾರ ತಡೆದು, ಆಡಿದವರ ಮಾತು ಕೇಳಿ ಕೊಂಡರೆ ಗಂಟೇನೂ ಹೋಗದು. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡವರು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. 2015ರಿಂದ ಈ ಸವಲತ್ತು ಇದೆ.

ಕಾನೂನೂ ಕಣ್ಣು ಮುಚ್ಚಿಲ್ಲ. 2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಆನ್‌ಲೈನ್ ವ್ಯಾಪಾರ ಎಂಬುದರ ಅರ್ಥ ಹೇಳುವಾಗ ಡಿಜಿಟಲ್ ಸರಕನ್ನೂ ಸೇರಿಸಿದೆ. ಮಾರಿದವನು ಎಲ್ಲೇ ಇರಲಿ, ಕೊಂಡವನು ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ಬಾಬತ್ತಿಗೆ ಶುಲ್ಕವಿಲ್ಲ. 1915ಕ್ಕೆ ಫೋನ್ ಮಾಡಿಯೂ ದೂರಬಹುದು. "ಗೇಮಿಗೆಲ್ಲಾ ಯಾರು ಕೋರ್ಟಿಗೆ ಹೋಗ್ತಾರೆ" ಎನ್ನುವ ಸಂಕೋಚವೇ ಕಂಪನಿಗಳ ಬಂಡವಾಳ. ಕೆಟ್ಟ ಮಿಕ್ಸಿಗೆ ದೂರು ಕೊಡುವ ತಂದೆ ತಾಯಿ, ಮಗನ ಕೆಟ್ಟ ಗೇಮಿಗೂ ಜೊತೆ ನಿಲ್ಲಬೇಕು. ಆಟ ಆಡಿದ್ದಕ್ಕೆ ಬೈಯುವುದು ಬೇರೆ ಮಾತು, ಮೋಸ ಹೋದದ್ದಕ್ಕೆ ನಗುವುದು ಬೇರೆ ಮಾತು.

ಹತ್ತು ಹದಿನೈದು ವರ್ಷ ಕಳೆದರೆ ಇದೇ ಹುಡುಗರು ಸಾಫ್ಟ್‌ವೇರ್ ಬರೆಯುವವರು, ಕಚೇರಿ ನಡೆಸುವವರು, ಸೇತುವೆ ಕಟ್ಟುವವರು. ಅರೆಬೆಂದದ್ದನ್ನು ಬಡಿಸುವುದೇ ಲೋಕದ ರೂಢಿ ಎಂದು ಅವರು ಇವತ್ತು ಕಲಿತರೆ, ನಾಳೆ ಅವರು ಬಡಿಸುವುದೂ ಅದನ್ನೇ. ಟೀ ಅಂಗಡಿಯ ಹಿರಿಯರು ನಗುವ ಮೊದಲು ಇದನ್ನಷ್ಟು ಯೋಚಿಸಲಿ.

ಕಿಂಡಿ ಕಾಯಲು ಪ್ರತಿ ಸಲವೂ ಒಬವ್ವನೇ ಬರಬೇಕೆ? ಕೋಟೆ ಕಟ್ಟುವವರಿಗೆ ಕಲ್ಲು ಕೂಡಿಸುವಾಗಲೇ ಬುದ್ಧಿ ಬೇಡವೇ?