ಟರ್ಬೊ ಬಿಚ್ಚುವ ಮೊದಲು

ಪುಣೆ ಹತ್ತಿರದ ನಿಗಡಿಯಲ್ಲೋ ನವಿ ಮುಂಬೈಯ ಕಳಂಬೋಲಿಯಲ್ಲೋ ಲಾರಿ ಸರ್ವಿಸಿಗೆ ನಿಂತಾಗ ಮಾಲೀಕರ ಫೋನಿಗೆ ಬರುವ ಪಟ್ಟಿ ಹೆಚ್ಚುಕಡಿಮೆ ಒಂದೇ: ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್. ಕ್ರ್ಯಾಂಕ್‌ಕೇಸಿನ ಉಸಿರನ್ನು ಸೋಸುವ ಬ್ರೀದರ್ ಫಿಲ್ಟರ್ ಅದರಲ್ಲಿ ಇದ್ದರೂ, ಖರ್ಚು ಇಳಿಸಬೇಕೆಂದಾಗ ಮೊದಲು ಹೊಡೆದುಹಾಕುವುದು ಅದನ್ನೇ. ಹಾಗೆ ಉಳಿಸಿದ ದುಡ್ಡು ಆಮೇಲೆ ಬೇರೆ ಹೆಸರಿನ ಬಿಲ್ಲಿನಲ್ಲಿ ಹೋಗುತ್ತದೆ. ಬಹಳ ಸಲ ಆ ಹೆಸರು ಟರ್ಬೊ.

ಯಾವ ಎಂಜಿನ್ನಿನಲ್ಲೂ ಪಿಸ್ಟನ್ ರಿಂಗು ನೂರಕ್ಕೆ ನೂರು ಬಿಗಿಯಾಗಿರುವುದಿಲ್ಲ. ಉರಿದ ಅನಿಲದಲ್ಲಿ ಸ್ವಲ್ಪ ರಿಂಗು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಗ್ಯಾರೇಜಿನವರ ಬಾಯಲ್ಲಿ ಇದು ‘ಬ್ಯಾಕ್ ಕಂಪ್ರೆಷನ್’. ಆಯಿಲಿನ ಸಣ್ಣ ಹನಿ, ಮಸಿ, ನೀರಾವಿ ಹೊತ್ತ ಈ ಅನಿಲಕ್ಕೆ ಹೊರಗೆ ಹೋಗಲು ದಾರಿ ಬೇಕು. ಹಳೆಯ ಲಾರಿಗಳಲ್ಲಿ ಒಂದು ಪೈಪು ಅದನ್ನು ರಸ್ತೆಯ ಕಡೆಗೆ ಬಿಡುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾಗುತ್ತ ಹೋಗಿ, 2020ರ ಏಪ್ರಿಲ್ 1ರಂದು ಬಿಎಸ್-6 ಬರುವ ಹೊತ್ತಿಗೆ ಈ ಪೈಪಿನ ಹೊಗೆಯೂ ಲೆಕ್ಕಕ್ಕೆ ಸೇರಿತು. ಈಗಿನ ಅನೇಕ ಎಂಜಿನ್ನುಗಳಲ್ಲಿ ನಡುವೆ ಒಂದು ಫಿಲ್ಟರ್ ಇದೆ. ಅದರ ನಾರುಗಳಲ್ಲಿ ಹನಿಗಳು ಒಂದಕ್ಕೊಂದು ಕೂಡಿ ಸಂಪಿಗೆ ಮರಳುತ್ತವೆ, ಉಳಿದ ಅನಿಲ ಟರ್ಬೊ ಎಳೆದುಕೊಳ್ಳುವ ಗಾಳಿಗೆ ಸೇರುತ್ತದೆ.

‘ಮೊದಲೆಲ್ಲ ಇದಿಲ್ಲದೆ ಲಾರಿ ಓಡಲಿಲ್ಲವೇ’ ಎನ್ನುವವರ ಮಾತು ಅರ್ಧ ನಿಜ. ಓಡಿದವು. ಬರಿಯ ಪೈಪಿನಲ್ಲಿ ಕಟ್ಟಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ, ಈಗ ಇದೆ.

ಫಿಲ್ಟರ್ ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರುತ್ತದೆ. ಟರ್ಬೊದ ಬೇರಿಂಗಿಗೆ ಹೋದ ಆಯಿಲ್ ತನ್ನ ಭಾರಕ್ಕೇ ಇಳಿದು ಸಂಪಿಗೆ ಬರಬೇಕು, ಅದನ್ನು ಎಳೆಯಲು ಪಂಪಿಲ್ಲ. ಕೆಳಗಿನಿಂದ ಒತ್ತಡ ಎದುರಾದಾಗ ಆಯಿಲ್ ಅಲ್ಲೇ ನಿಂತು ಸೀಲು ದಾಟುತ್ತದೆ. ಒಂದು ಕಡೆ ಇಂಟರ್‌ಕೂಲರಿಗೆ, ಇನ್ನೊಂದು ಕಡೆ ಸೈಲೆನ್ಸರಿನ ದಾರಿಗೆ. ಡಿಪಿಎಫ್ ಇದ್ದರೆ ಅದಕ್ಕೂ ಬೂದಿಯ ಪಾಲು. ಬಿಚ್ಚಿ ನೋಡಿದವರಿಗೆ ಕಾಣುವುದು ಆಯಿಲ್ ಮೆತ್ತಿದ ಟರ್ಬೊ. ಫಿಲ್ಟರಿನ ಹಲವು ಪಟ್ಟು ದುಡ್ಡು ಕೊಟ್ಟು ಹೊಸದು ಹಾಕಿಸುತ್ತಾರೆ, ಕೆಲವು ವಾರಕ್ಕೆ ಅದೂ ಹಾಗೇ ಸೋರುತ್ತದೆ.

ಅಷ್ಟರೊಳಗೆ ಡ್ರೈವರನ ಮೇಲೆ ಅನುಮಾನ ಬಂದಿರುತ್ತದೆ. ಖಂಬಾಟ್ಕಿ ಘಾಟಿನಲ್ಲಿ ಲೋಡು ಹೊತ್ತು ಏರುವಾಗ ಬರುವ ಸುಟ್ಟ ಆಯಿಲಿನ ವಾಸನೆ, ಡಿಪ್‌ಸ್ಟಿಕ್ಕಿನ ಬಾಯಲ್ಲಿ ಜಿನುಗು, ಇವು ಮೊದಲು ಕಾಣುವುದು ಅವನಿಗೆ. ಆದರೆ ಪದೇ ಪದೇ ಟಾಪ್‌ಅಪ್‌ಗೆ ದುಡ್ಡು ಕೇಳಿದರೆ ಮಾಲೀಕ ಕೇಳುವುದು ‘ಆಯಿಲ್ ಎಲ್ಲಿ ಮಾರಿದೆ?’ ಎಂದು. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಬೇರೆಯವರ ಗಾಡಿ ಓಡಿಸುವವನ ಹತ್ತಿರ ಇದಕ್ಕೆ ತೋರಿಸಲು ಯಾವ ಕಾಗದವೂ ಇಲ್ಲ.

ಕಾಗದ ಹುಟ್ಟಿಸುವುದು ಕಷ್ಟವಲ್ಲ. ಮ್ಯಾನೋಮೀಟರ್ ಇಟ್ಟು ಕ್ರ್ಯಾಂಕ್‌ಕೇಸಿನ ಒತ್ತಡ ಅಳೆಯಬಹುದು. ಹೊಸ ಫಿಲ್ಟರ್ ಹಾಕಿದಾಗ ಅದು ಇಳಿದರೆ ಕಥೆ ಅಲ್ಲಿಗೇ ಮುಗಿಯಿತು. ಇಳಿಯದಿದ್ದರೆ ರಿಂಗು ನೋಡಬೇಕು, ಟರ್ಬೊ ನೋಡಬೇಕು, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರನ್ನೂ ನೋಡಬೇಕು. ಅದರ ರಿಂಗು ಸವೆದರೂ ಗಾಳಿ ಎಂಜಿನ್ನಿನ ಹೊಟ್ಟೆಗೇ ಬರುತ್ತದೆ. ಅವಧಿಗೆ ಮುಂಚೆಯೇ ಕಟ್ಟಿಕೊಳ್ಳುವ ಫಿಲ್ಟರನ್ನು ಬೈಯುವವರು ಅದು ಹೇಳುತ್ತಿರುವ ಸುದ್ದಿಯನ್ನೂ ಕೇಳಬೇಕು.

ಮರೆವಿಗೆ ಒಂದು ಕಾರಣ ಅವಧಿಯೇ. ಅಮೆರಿಕದಲ್ಲಿ 6.7 ಲೀಟರಿನ ಕಮಿನ್ಸ್ ಎಂಜಿನ್ ಇರುವ ರಾಮ್ ಪಿಕಪ್‌ಗೆ ಈ ಫಿಲ್ಟರ್ ಬದಲಿಸುವ ಅವಧಿ 67,500 ಮೈಲು, ಅಂದರೆ ಸುಮಾರು 1,08,600 ಕಿಲೋಮೀಟರ್. ಅಷ್ಟರಲ್ಲಿ ಎಷ್ಟೋ ಸಲ ಆಯಿಲ್ ಬದಲಾಗಿರುತ್ತದೆ, ಲಾರಿಯಾದರೆ ಕೈಯೂ ಬದಲಾಗಿರಬಹುದು. ನಮ್ಮ ಲಾರಿಗಳ ಅಂಕಿ ಆಯಾ ಎಂಜಿನ್ನಿನ ಪುಸ್ತಕದಲ್ಲಿದೆ. ಕೆಲವದರಲ್ಲಿ ಫಿಲ್ಟರೇ ಇರುವುದಿಲ್ಲ, ತಿರುಗಿ ಹನಿ ಬೇರ್ಪಡಿಸುವ ಸೆಪರೇಟರ್ ಇರುತ್ತದೆ.

ಕೆಲಸ ಸಣ್ಣದು. ಮುಚ್ಚಳ ಬಿಚ್ಚಿ ಹಳೆಯದನ್ನು ತೆಗೆದು, ಮನೆ ಒರೆಸಿ, ಹೊಸ ಓ-ರಿಂಗಿಗೆ ಒಳ್ಳೆಯ ಆಯಿಲ್ ಸವರಿ ಕೂರಿಸುವುದು. ಆಯಿಲ್ ಸಂಪಿಗೆ ಮರಳುವ ಪೈಪೂ ಅದರ ವಾಲ್ವೂ ತೆರೆದಿವೆಯೇ ಎಂದು ನೋಡದಿದ್ದರೆ ಅರ್ಧ ಕೆಲಸ. ಡೀಸೆಲಿನಲ್ಲಿ ತೊಳೆದು ಗಾಳಿ ಹೊಡೆದು ಹಳೆಯದನ್ನೇ ಹಾಕುವುದು ಸಲ್ಲದು. ನಾರಿನ ಒಳಗಿನ ಮಸಿ ಹೋಗುವುದಿಲ್ಲ, ನಾರು ಮಾತ್ರ ಹಾಳಾಗುತ್ತದೆ. ಪೈಪು ಕಿತ್ತು ಹೊರಗೆ ಬಿಡುವ ಜಾಣತನ ಇನ್ನೂ ಕೆಟ್ಟದ್ದು.

ಮಾಲೀಕರು ಗ್ಯಾರೇಜಿಗೆ ಕೇಳಬೇಕಾದ್ದು ಜಾಬ್ ಕಾರ್ಡಿನಲ್ಲಿ ಎರಡು ಸಾಲು: ಬ್ರೀದರ್ ಫಿಲ್ಟರ್ ಎಷ್ಟು ಕಿಲೋಮೀಟರಿಗೆ ಬದಲಾಯಿತು, ಟರ್ಬೊ ಬಿಚ್ಚುವ ಮೊದಲು ಒತ್ತಡ ಎಷ್ಟಿತ್ತು. ಅದರ ಒಂದು ಪ್ರತಿ ಡ್ರೈವರನ ಕೈಯಲ್ಲೂ ಇರಲಿ.