ಹುಟ್ಟಾಳು, ಮಣ್ಣಾಳು

ಹಳೆಯ ಮೈಸೂರು ಗೆಜೆಟಿಯರನ್ನು ತಿರುವಿದ ವಾಚಕರಿಗೆ ಎರಡು ಕನ್ನಡ ಶಬ್ದಗಳು ಕಂಡಿರಬಹುದು. ಮಲೆನಾಡಿನಲ್ಲಿ ಒಡೆಯನ ಮನೆಯಲ್ಲಿಯೇ ಹುಟ್ಟಿ ತಲೆತಲಾಂತರವಾಗಿ ಆ ಮನೆತನಕ್ಕೆ ಕಟ್ಟುಬಿದ್ದವನು ಹುಟ್ಟಾಳು. ಗದ್ದೆ ಕ್ರಯವಾದಾಗ ಗದ್ದೆಯೊಡನೆ ತಾನೂ ಕ್ರಯವಾಗುತ್ತಿದ್ದವನು ಮಣ್ಣಾಳು. ಗೆಜೆಟಿಯರಿನವರು ಇವರ ಜಾತಿಯನ್ನು ಬರೆದರೇ ಹೊರತು ಹೆಸರುಗಳನ್ನು ಬರೆಯಲಿಲ್ಲ. ಆ ಕೆಲಸ ನಮ್ಮದಾಗಿತ್ತು. ನಾವಾದರೋ ಶಾಸನಗಳನ್ನೋದಿ ಭೂಮಿಯನ್ನು ದಾನವಿತ್ತ ಅರಸರ ವಂಶಾವಳಿಗಳನ್ನು ಕಟ್ಟಿದೆವು. ಆ ಭೂಮಿಯನ್ನು ಉತ್ತವನಾರೆಂದು ಕೇಳಲಿಲ್ಲ.

ಈ ಮಾತನ್ನೆತ್ತಿದೊಡನೆ, ಗುಲಾಮಗಿರಿಯು ಅಮೆರಿಕದವರ ಪಾಪವೆಂದೂ ನಮ್ಮಲ್ಲಿದ್ದುದು ಬರಿಯ ಒಡೆಯ-ಆಳಿನ ಬಾಂಧವ್ಯವೆಂದೂ ಮಿಕ್ಕುದೆಲ್ಲ ಪರಕೀಯರು ನಮ್ಮನ್ನು ಹಳಿಯಲು ಬರೆದುದೆಂದೂ ಹೇಳುವ ದೇಶಾಭಿಮಾನಿಗಳುಂಟು. ನಾವೂ ದೇಶಾಭಿಮಾನಿಗಳೇ. ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ವಸಾಹತುಗಳ ಗುಲಾಮಗಿರಿಯನ್ನು ರದ್ದುಪಡಿಸಿ, ಎರಡು ಕೋಟಿ ಪೌಂಡುಗಳ ಪರಿಹಾರವನ್ನು ಒಡೆಯರಿಗೆ ಕೊಟ್ಟು, ಕಂಪನಿಯ ಹಿಂದೂಸ್ಥಾನವನ್ನು ಆ ಕಾನೂನಿನ ಹೊರಗಿಟ್ಟಿತೆಂಬುದನ್ನು ನಾವು ಮರೆತಿಲ್ಲ. ಇಲ್ಲಿಗೆ 1843ರಲ್ಲಿ ಐದನೆಯ ಆಕ್ಟು ಬಂದಿತು. ಡಿಕ್ರಿಗಾಗಲಿ ಕಂದಾಯದ ಬಾಕಿಗಾಗಲಿ ಯಾವ ಸರ್ಕಾರಿ ನೌಕರನೂ ಮನುಷ್ಯನನ್ನು ಗುಲಾಮನೆಂದು ಮಾರತಕ್ಕದ್ದಲ್ಲವೆಂಬುದೇ ಅದರ ಮೊದಲ ಕಲಮು. ಹೀಗೊಂದು ಕಲಮನ್ನು ಬರೆಯಬೇಕಾಯಿತೆಂದರೆ ಅದರ ಅರ್ಥವೇನೆಂಬುದನ್ನು ಅಧಿಕಾರಿವರ್ಗದ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಗುಲಾಮರನ್ನು ಕೊಳ್ಳುವುದೂ ಮಾರುವುದೂ ದಂಡನಾರ್ಹವಾದುದು 1862ರಲ್ಲಿ ಪೀನಲ್ ಕೋಡು ಜಾರಿಗೆ ಬಂದ ಮೇಲೆ. ಇಷ್ಟೆಲ್ಲ ನಿಜವೇ. ಆದರೆ ಮಲೆನಾಡಿನ ಆ ಗದ್ದೆಗಳ ಒಡೆಯರು ಪರಕೀಯರಲ್ಲ, ನಮ್ಮವರು.

1800-01ರಲ್ಲಿ ನಮ್ಮ ಸೀಮೆಗಳಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಮಲಬಾರಿನ ವಿಷಯದಲ್ಲಿ ಒಂದು ಸಂಗತಿಯನ್ನು ಬರೆದಿದ್ದಾನೆ. ಜನ್ಮ, ಕಾಣ, ಪಾಟ್ಟ, ಎಂದರೆ ಕ್ರಯ, ಅಡಮಾನ, ಗೇಣಿ, ಇವು ಅಲ್ಲಿ ಭೂಮಿಗಿದ್ದಂತೆಯೇ ಆಳುಗಳಿಗೂ ಇದ್ದುವು. ಸಂಶೋಧಕನಿಗೆ ದಾರಿಯಿರುವುದು ಇಲ್ಲಿಯೇ. ಮನುಷ್ಯನನ್ನು ಸ್ವತ್ತೆಂದು ಭಾವಿಸಿದಲ್ಲಿ ಅವನ ಗುರುತನ್ನು ಸ್ವತ್ತಿನ ಕಾಗದಗಳಲ್ಲಿಯೇ ಹುಡುಕಬೇಕು. ಅಮೆರಿಕದ ಕರಿಯ ಜನರು ಮಾಡಿದುದು ಇದನ್ನೇ. ಅಲ್ಲಿನ 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ. ಗುಲಾಮನಿಗಾದರೋ ಸಾಮಾನ್ಯವಾಗಿ ವಯಸ್ಸು, ಲಿಂಗ, ಬಣ್ಣ ಇಷ್ಟೇ. ಬಿಡುಗಡೆ ಹೊಂದಿದವರೆಲ್ಲರ ಹೆಸರು ಜನಗಣತಿಯಲ್ಲಿ ಬಂದುದು 1870ರಲ್ಲಿ. ಅದಕ್ಕೆ ಹಿಂದಿನ ತಾತಮುತ್ತಾತಂದಿರನ್ನು ಮೊಮ್ಮಕ್ಕಳು ಒಡೆಯರ ಮರಣಶಾಸನಗಳಲ್ಲಿ, ಆಸ್ತಿಯ ಪಟ್ಟಿಗಳಲ್ಲಿ, ಜಿಲ್ಲಾ ಕೋರ್ಟುಗಳ ಕ್ರಯಪತ್ರಗಳಲ್ಲಿ ಹುಡುಕುತ್ತಿದ್ದಾರೆ; ಎಷ್ಟೋ ಮಂದಿ ಕಂಡುಕೊಂಡಿದ್ದಾರೆ.

ನಮ್ಮಲ್ಲಿ ಅಂತಹ ಕಾಗದಗಳಿಲ್ಲವೆ? ಶಾನುಭೋಗರ ಮನೆಗಳ ಅಟ್ಟಗಳಲ್ಲಿ, ಮಠಗಳಲ್ಲಿ, ದೇವಸ್ಥಾನಗಳಲ್ಲಿ ಕಡತಗಳಿವೆ. ಹುಣಿಸೆಬೀಜದ ಸರಿಯನ್ನೂ ಇದ್ದಲನ್ನೂ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಬರಹವದು. ಒದ್ದೆಯ ಕೈ ಸೋಂಕಿದರೆ ಅಳಿದುಹೋಗುತ್ತದೆ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಅನೇಕರ ಪೂರ್ವಿಕರನ್ನು ಆಫ್ರಿಕದಿಂದ ಗೋವೆಗೆ ತಂದವರು ಪೋರ್ತುಗೀಜರು. ಅವರ ಕಥೆಯನ್ನರಸುವವನು 1595ರಲ್ಲಿ ಸ್ಥಾಪಿತವಾದ ಗೋವೆಯ ದಫ್ತರಖಾನೆಗೆ ಹೋಗಬೇಕು, ಪೋರ್ತುಗೀಜ್ ಭಾಷೆಯನ್ನೂ ಕಲಿಯಬೇಕು.

ಕಡತವನ್ನು ಹೊರಕ್ಕೆ ತೆಗೆದರೆ ಮನೆತನದ ಮಾನ ಹೋದೀತೆಂದು ಅಂಜುವವರಿದ್ದಾರೆ. ಆ ಕ್ರಯಪತ್ರದಲ್ಲಿ ಎತ್ತುಗಳ ಪಕ್ಕದಲ್ಲಿ ಒಬ್ಬನ ಮುತ್ತಜ್ಜನ ಹೆಸರಿದ್ದರೆ ಆ ಪತ್ರವು ಒಡೆಯನ ಮೊಮ್ಮಕ್ಕಳಿಗೆ ಎಷ್ಟು ಸೇರಿದ್ದೋ ಅವನ ಮೊಮ್ಮಕ್ಕಳಿಗೂ ಅಷ್ಟೇ ಸೇರಿದ್ದು. ಅದನ್ನು ಅಚ್ಚುಹಾಕಿಸುವ ಮುನ್ನ ಈ ಎರಡನೆಯವರನ್ನು ಕೇಳುವುದು ಸಂಶೋಧಕರ ಕರ್ತವ್ಯ. ನಮ್ಮ ವಿದ್ವಾಂಸರಿಗೆ ಈ ಅಭ್ಯಾಸವು ಕಡಿಮೆ.

ತಾಲ್ಲೂಕು ಕಚೇರಿಗಳ ಅಧಿಕಾರಿಗಳಲ್ಲಿ ಒಂದು ಬಿನ್ನಹ. ಜೀತವನ್ನು ರದ್ದುಪಡಿಸಿದ 1976ರ ಕಾನೂನಿನ ನಿಯಮಗಳಂತೆ, ಬಿಡುಗಡೆಯಾದ ಜೀತದಾಳುಗಳ ಹೆಸರನ್ನೂ ವಿಳಾಸವನ್ನೂ ಬರೆದಿಡುವ ರಿಜಿಸ್ಟರುಗಳಿರಬೇಕು. ಅವುಗಳಲ್ಲಿ ಹೆಸರುಳ್ಳವರಲ್ಲಿ ಕೆಲವರಾದರೂ ಇನ್ನೂ ಬದುಕಿದ್ದಾರು. ಹಳೆಯ ಕಾಗದಗಳನ್ನು ವಿಲೇವಾರಿ ಮಾಡುವ ದಿನ ಆ ರಿಜಿಸ್ಟರುಗಳನ್ನು ರದ್ದಿಯ ಮೂಟೆಗೆ ಸೇರಿಸದೆ ರಾಜ್ಯ ಪತ್ರಾಗಾರಕ್ಕೆ ಕಳುಹಿಸಿಕೊಡಬೇಕು.